ಗುಳಿಗೆ ಕೊಟ್ಟರೆ ಸಾಲದು, ಅದು ಒಳಗೆ ಎಲ್ಲಿ ಕೂರುತ್ತದೆ ಅಂತಲೂ ಹೇಳಿ

ನಮ್ಮ ತಾಲ್ಲೂಕಿನ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲಿ ಅಣ್ಣ ಒಬ್ಬರಿದ್ದಾರೆ. ವಯಸ್ಸು ನಲವತ್ತರ ಹತ್ತಿರ. ಎರಡು ವರ್ಷದ ಹಿಂದೆ ಸುಸ್ತು, ರಾತ್ರಿ ಬೆವರು, ಎಡಪಕ್ಕೆಯ ಕೆಳಗೆ ಕಲ್ಲಿಟ್ಟಂಥ ಭಾರ ಅಂತ ಆಸ್ಪತ್ರೆಗೆ ಹೋದರು. ರಕ್ತ ಪರೀಕ್ಷೆ ಆಯಿತು, ಬೆಂಗಳೂರಿಗೆ ಕಳಿಸಿದರು. ಸಿಎಂಎಲ್ ಅಂತ ಗೊತ್ತಾಯಿತು. ಒಂದು ಬಗೆಯ ರಕ್ತದ ಕ್ಯಾನ್ಸರ್. ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಹೆಸರು ಇಮ್ಯಾಟಿನಿಬ್, 400 ಮಿಲಿಗ್ರಾಂ.

ಮೂರು ತಿಂಗಳಿಗೆ ಮನುಷ್ಯ ಮತ್ತೆ ಯಾರ್ಡಿಗೆ ಬಂದರು, ಮತ್ತೆ ಚೀಲ ಹೊತ್ತರು. ನಾವೇ ನೋಡಿದ್ದೇವೆ. ವರ್ಷ ದಾಟಿದ ಮೇಲೆ ಗುಳಿಗೆ ಬಿಟ್ಟರು. ಐದು ತಿಂಗಳಿಗೆ ಎಡಪಕ್ಕೆಯ ಕಲ್ಲು ವಾಪಸ್ ಬಂತು.

ಯಾಕೆ ಬಿಟ್ಟಿರಿ ಅಂತ ಕೇಳಿದೆವು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇವೆ: "ರಕ್ತ ಸರಿ ಐತಿ ಅಂತ ರಿಪೋರ್ಟ್ ಬಂತು ತಮ್ಮಾ. ಜ್ವರ ಹೋದಮ್ಯಾಲೆ ಯಾರರ ಜ್ವರದ ಗುಳಗಿ ನುಂಗ್ತಾರೇನು? ಅದರಾಗ ಮೈಬಣ್ಣ ಬ್ಯಾರೆ ಬೆಳ್ಳಗ ಆಗಾಕ ಹತ್ತಿತು. ಓಣ್ಯಾಗ ತೊನ್ನು ಅಂದ್ರು. ಮನ್ಯಾಗ ತಂಗಿ ಮದುವಿ ಮಾತು ನಡದಿತ್ತು."

ಗುಳಿಗೆ ಬಿಟ್ಟು ಅವರು ಹೋದದ್ದು ಒಬ್ಬ ಪುಡಿ ಕೊಡುವವನ ಹತ್ತಿರ. ಆ ಪುಡಿಯವನ ವಿಳಾಸ ಅವರಿಗೆ ಸಿಕ್ಕಿದ್ದು ಪೇಪರಿನಲ್ಲಿ. ಆ ಪೇಪರಿಗೆ ಆ ಜಾಹೀರಾತು ತಂದುಕೊಟ್ಟವರು ನಾವು.

ಸ್ಟ್ರಿಂಗರ್ ಅಂದರೆ ಏನು ಅಂತ ಈ ಬ್ಲಾಗ್ ಓದುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಸಂಬಳ ಇಲ್ಲ, ಸುದ್ದಿಗೆ ಇಷ್ಟು, ಜಾಹೀರಾತು ತಂದರೆ ಕಮಿಷನ್. ಆ ಕಮಿಷನ್ ನಾವು ತಗೊಂಡಿದ್ದೇವೆ. ಆದ್ದರಿಂದ ಇದು ಯಾರನ್ನೋ ಬೈದು ನಾವು ಕೈ ತೊಳೆದುಕೊಳ್ಳುವ ಬರಹ ಅಲ್ಲ. ಬೈಗುಳದಲ್ಲಿ ನಮ್ಮ ಪಾಲೂ ಇದೆ.

ನಮ್ಮ ಸಿಟ್ಟು ಒಂದು ಮಾತಿನ ಮೇಲೆ. "ಹಳ್ಳಿಯವರಿಗೆ ಇದೆಲ್ಲ ಹೇಳಿದರೆ ತಿಳಿಯಲ್ಲ ರೀ." ಈ ಮಾತನ್ನು ನಾವು ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದ್ದೇವೆ. ಪೇಪರ್ ಆಫೀಸಿನಲ್ಲಿ ಕೇಳಿದ್ದೇವೆ. ವಿಜ್ಞಾನದ ಸುದ್ದಿ ಕಳಿಸಿದಾಗ ಡೆಸ್ಕಿನವರು ಹೇಳಿದ್ದು ಅದನ್ನೇ: "ಕೈನೇಸ್, ಪ್ರೋಟೀನ್ ಎಲ್ಲ ಯಾರು ಓದ್ತಾರೆ? ಕ್ಯಾನ್ಸರ್ ಗೆದ್ದ ಹಮಾಲಿ ಅಂತ ಫೋಟೊ ಕಳಿಸಿ." ಫೋಟೊ ಬಂತು. ಆ ಗುಳಿಗೆ ಹೇಗೆ ಕೆಲಸ ಮಾಡುತ್ತದೆ, ಬಿಟ್ಟರೆ ಏನಾಗುತ್ತದೆ ಅನ್ನುವ ಒಂದು ಸಾಲೂ ಬರಲಿಲ್ಲ.

ತಿಳಿಯಲ್ಲ ಅನ್ನುವುದು ಸುಳ್ಳು. ಸುಳ್ಳು ಅಂತ ತೋರಿಸಲು ನಾವು ಈಗ ಇಲ್ಲೇ ಹೇಳುತ್ತೇವೆ. ಹತ್ತು ನಿಮಿಷ ಕೊಡಿ.

ಮನೆಯಲ್ಲಿ ಅಜ್ಜಿಯ ಎಲೆಅಡಿಕೆ ಚೀಲದೊಳಗೆ ಅಡಕತ್ತರಿ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಎರಡು ತೋಳು. ಒಂದು ತುದಿಯಲ್ಲಿ ಕೀಲು. ನಡುವೆ ಅಡಿಕೆ ಕೂರುವ ಸಂದು. ನಮ್ಮ ಜೀವಕೋಶದೊಳಗೆ ಕೈನೇಸ್ ಅನ್ನುವ ಪ್ರೋಟೀನುಗಳಿವೆ. ಅವುಗಳ ಆಕಾರ ಹೆಚ್ಚುಕಡಿಮೆ ಹೀಗೇ. ಮೇಲೊಂದು ಸಣ್ಣ ಹಾಲೆ, ಕೆಳಗೊಂದು ದೊಡ್ಡ ಹಾಲೆ, ಒಂದು ಪಕ್ಕದಲ್ಲಿ ಕೀಲು, ನಡುವೆ ಸಂದು. ಮನುಷ್ಯನ ದೇಹದಲ್ಲಿ ಇಂಥ ಕೈನೇಸುಗಳು 500ಕ್ಕೂ ಹೆಚ್ಚು ಬಗೆ ಇವೆ.

ಆ ಸಂದಿನಲ್ಲಿ ಕೂರುವ ಅಡಿಕೆಯ ಹೆಸರು ಎಟಿಪಿ. ಇದರ ಬಾಲದಲ್ಲಿ ಫಾಸ್ಫೇಟ್ ಅನ್ನುವ ಮೂರು ತುಂಡು ಸಾಲಾಗಿ ಇರುತ್ತವೆ. ಕೈನೇಸ್ ಕೊನೆಯ ತುಂಡನ್ನು ಕತ್ತರಿಸಿ ಇನ್ನೊಂದು ಪ್ರೋಟೀನಿನ ಕೈಗೆ ಕೊಡುತ್ತದೆ. ನಮ್ಮ ಕಡೆ ಯಾರಿಗಾದರೂ ಕೆಲಸ ಒಪ್ಪಿಸುವಾಗ ವೀಳ್ಯ ಕೊಡುವ ಪದ್ಧತಿ ಇದೆಯಲ್ಲ, ಹಾಗೆ. ವೀಳ್ಯ ತಗೊಂಡವನು ಕೆಲಸಕ್ಕೆ ಇಳಿಯುತ್ತಾನೆ. ಆ ತುಂಡು ಕೈಗೆ ಬಂದ ಪ್ರೋಟೀನೂ ಕೆಲಸಕ್ಕೆ ಇಳಿಯುತ್ತದೆ. "ಬೆಳಿ", "ಎರಡಾಗು", "ಸಾಯಬೇಡ" ಅನ್ನುವ ಆಜ್ಞೆಗಳು ಕೋಶದೊಳಗೆ ಹೀಗೇ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ.

ಈ 500ರಲ್ಲಿ ಒಂದು ಎಬಿಎಲ್. ಸಾಮಾನ್ಯವಾಗಿ ಇದು ಶಿಸ್ತಿನ ಯಜಮಾನ. ಅದರದೇ ಒಂದು ತುದಿ ಮಡಚಿ ಬಂದು ಅದನ್ನು ಹಿಡಿದಿಟ್ಟಿರುತ್ತದೆ. ಬೇಕಾದಾಗ ಮಾತ್ರ ವೀಳ್ಯ ಕೊಡುತ್ತದೆ.

ಸಿಎಂಎಲ್ ಬಂದವರ ರಕ್ತ ಹುಟ್ಟಿಸುವ ಒಂದು ಕೋಶದಲ್ಲಿ ಒಂದು ಅಪಘಾತ ಆಗುತ್ತದೆ. 9ನೇ ಮತ್ತು 22ನೇ ಕ್ರೋಮೋಸೋಮುಗಳು ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುತ್ತವೆ. 9ರಲ್ಲಿದ್ದ ಎಬಿಎಲ್ ಹೋಗಿ 22ರಲ್ಲಿದ್ದ ಬಿಸಿಆರ್ ಅನ್ನುವುದಕ್ಕೆ ಅಂಟುತ್ತದೆ. ಅಂಟುವಾಗ ಎಬಿಎಲ್ ತನ್ನನ್ನು ಹಿಡಿದಿಡುತ್ತಿದ್ದ ಆ ತುದಿಯನ್ನು ಕಳೆದುಕೊಳ್ಳುತ್ತದೆ. ಈಗ ಅಡಕತ್ತರಿಗೆ ಕೊಂಡಿಯೇ ಇಲ್ಲ. ಹಗಲೂ ರಾತ್ರಿ ಕತ್ತರಿಸಿ ಕತ್ತರಿಸಿ ವೀಳ್ಯ ಹಂಚುತ್ತದೆ. ಬಿಳಿ ರಕ್ತಕಣ ಲೆಕ್ಕ ತಪ್ಪಿ ಹುಟ್ಟುತ್ತವೆ. ಅವು ತುಂಬಿ ಊದುವ ಗುಲ್ಮವೇ ಎಡಪಕ್ಕೆಯ ಆ ಕಲ್ಲು. ಡಾಕ್ಟರು ಸ್ಪ್ಲೀನ್ ಅನ್ನುವುದು ಇದಕ್ಕೇ.

ಇದು ಯಾರ ಶಾಪವೂ ಅಲ್ಲ. ಅಂಟುವ ರೋಗವೂ ಅಲ್ಲ. ಅಪ್ಪನಿಂದ ಮಗನಿಗೆ ಇಳಿದು ಬರುವುದೂ ಅಲ್ಲ. ಹುಟ್ಟಿದ ಮೇಲೆ ಒಂದು ಕೋಶದಲ್ಲಿ ಆದ ಅಪಘಾತ. ತಂಗಿಯ ಮದುವೆಗೆ ಇದರಿಂದ ಅಡ್ಡಿ ಇಲ್ಲ ಅಂತ ಓಣಿಯವರಿಗೆ ಹೇಳಲು ಇಷ್ಟು ಗೊತ್ತಿದ್ದರೆ ಸಾಕಿತ್ತು.

ಕುಗ್ಗಿದ ಆ 22ನೇ ಕ್ರೋಮೋಸೋಮನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಅದು ಅದಲುಬದಲು ಅಂತ 1973ರಲ್ಲಿ ತೋರಿಸಿದವರು ಷಿಕಾಗೊದ ಜ್ಯಾನೆಟ್ ರೌಲಿ. ಆ ಸಂದಿಗೆ ಕೂರುವ ಗುಳಿಗೆಯನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಔಷಧಿ ಕಂಪನಿಯೊಂದರ ವಿಜ್ಞಾನಿಗಳು ಮಾಡಿದರು. ಕಂಪನಿಯನ್ನು ಬಿಡದೆ ಒತ್ತಾಯಿಸಿ, 1998ರಲ್ಲಿ ರೋಗಿಗಳಿಗೆ ಮೊದಲು ಕೊಟ್ಟು ನೋಡಿದ ತಂಡದ ಮುಂದಾಳು ಒರೆಗಾನಿನ ಡಾಕ್ಟರ್ ಬ್ರಿಯನ್ ಡ್ರೂಕರ್. ಆ ಮೊದಲ ಪ್ರಯೋಗದಲ್ಲಿ 300 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡ 54 ಜನರಲ್ಲಿ 53 ಜನರ ರಕ್ತದ ಲೆಕ್ಕ ಸರಿಯಾಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ಈಗ ಗುಳಿಗೆ ಎಲ್ಲಿ ಕೂರುತ್ತದೆ ಅನ್ನುವ ಮಾತು. 2000ದಲ್ಲಿ ಭಾರತ ಮೂಲದ ವಿಜ್ಞಾನಿ ಜಾನ್ ಕುರಿಯನ್ ಅವರ ತಂಡ ನ್ಯೂಯಾರ್ಕಿನಲ್ಲಿ ಎಬಿಎಲ್ ಮತ್ತು ಈ ಔಷಧಿಯ ಬಗೆಯ ಅಣುವನ್ನು ಒಟ್ಟಿಗೆ ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಚಿತ್ರ ತೆಗೆಯಿತು. ಕಂಡದ್ದು ಇದು. ಔಷಧಿ ಅಡಿಕೆಯ ಜಾಗದಲ್ಲಿ ಕೂತಿದೆ. ಅಷ್ಟೇ ಅಲ್ಲ, ಅದರ ಹಿಂದಿನ ಒಂದು ಗೂಡಿಗೂ ಚಾಚಿಕೊಂಡಿದೆ. ಆ ಗೂಡು ತೆರೆಯುವುದು ಅಡಕತ್ತರಿ ಕೆಲಸ ಬಿಟ್ಟು ಮಡಚಿಕೊಂಡಾಗ ಮಾತ್ರ. ಅಂದರೆ ಯಜಮಾನ ಒಂದು ಕ್ಷಣ ಮಲಗಿದ್ದಾಗ ಗುಳಿಗೆ ಹೋಗಿ ಆ ಭಂಗಿಯಲ್ಲೇ ಅವನನ್ನು ಹಿಡಿದುಬಿಡುತ್ತದೆ. ಎಟಿಪಿಗೆ ಕೂರಲು ಜಾಗ ಇಲ್ಲ. ವೀಳ್ಯ ಬಂದ್.

ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತೆ ಅಂತ ನಾವು ಕಷ್ಟಕ್ಕೆ ಹೇಳುತ್ತೇವೆ. ಇಲ್ಲಿ ಅಡಕತ್ತರಿಯೇ ಸಿಕ್ಕಿಬಿದ್ದಿದೆ.

ಈ ಚಿತ್ರ ಗುಟ್ಟಿನದಲ್ಲ. ಪ್ರೋಟೀನ್ ಡೇಟಾ ಬ್ಯಾಂಕ್ ಅಂತ ಒಂದು ವೆಬ್‌ಸೈಟ್ ಇದೆ, ದುಡ್ಡು ಕೇಳುವುದಿಲ್ಲ. ಅದರಲ್ಲಿ 1, ಐ, ಇ, ಪಿ ಅಂತ ನಾಲ್ಕು ಅಕ್ಷರ ಇಂಗ್ಲಿಷಿನಲ್ಲಿ ಒತ್ತಿದರೆ ಎಬಿಎಲ್‌ನ ಸಂದಿನಲ್ಲಿ ಇಮ್ಯಾಟಿನಿಬ್ ಕೂತದ್ದು ನಿಮ್ಮ ಮೊಬೈಲಿನಲ್ಲೇ ಕಾಣುತ್ತದೆ. ಬೆರಳಿನಿಂದ ತಿರುಗಿಸಿ ನೋಡಬಹುದು. ಹಮಾಲಿ ಅಣ್ಣನಿಗೆ ಯಾರ್ಡಿನ ಚಹಾ ಅಂಗಡಿಯಲ್ಲಿ ಕೂತು ತೋರಿಸಿದೆವು. ಅವರ ಮೊದಲ ಪ್ರಶ್ನೆ: "ಕೂತದ್ದು ಅಲ್ಲೇ ಇರ್ತೈತೋ, ಎದ್ದು ಹೋಗ್ತೈತೋ?"

ನಾವು ಹೇಳುವುದು ಇದನ್ನೇ. ತಿಳಿಯಲ್ಲ ಅಂದವರು ಈ ಪ್ರಶ್ನೆ ಕೇಳಿಸಿಕೊಳ್ಳಬೇಕು. ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ.

ಉತ್ತರ: ಎದ್ದು ಹೋಗುತ್ತದೆ. ಈ ಔಷಧಿ ಗೋಂದಿನಂತೆ ಕಾಯಂ ಅಂಟುವುದಿಲ್ಲ. ಕೂರುತ್ತದೆ, ಬಿಡುತ್ತದೆ, ಮತ್ತೆ ಕೂರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 18 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ದಿನಾ ಗುಳಿಗೆ. ಇನ್ನೊಂದು ಮಾತು: ಮೂಳೆಮಜ್ಜೆಯೊಳಗೆ ರೋಗದ ಬೇರಿನಂಥ ಕೋಶಗಳು ಕೆಲವು ಉಳಿದೇ ಇರುತ್ತವೆ. ಗುಳಿಗೆ ಕಳೆಯನ್ನು ಮೇಲೇಳದಂತೆ ಅದುಮಿ ಹಿಡಿಯುತ್ತದೆ, ಬೇರನ್ನು ಪೂರ್ತಿ ಕೀಳುವುದಿಲ್ಲ. "ರಕ್ತ ಸರಿ ಐತಿ" ಅನ್ನುವ ರಿಪೋರ್ಟು ಹೊಲದ ಮೇಲ್ಮೈ ನೋಡಿ ಕೊಟ್ಟದ್ದು. ಬೇರು ನೋಡಲು ಬೇರೆ ಪರೀಕ್ಷೆ ಇದೆ, ಬಿಸಿಆರ್-ಎಬಿಎಲ್ ಪಿಸಿಆರ್ ಅಂತ. ಮೊದಮೊದಲು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು.

ಜ್ವರದ ಗುಳಿಗೆಗೂ ಇದಕ್ಕೂ ಇರುವ ಫರಕು ಇಷ್ಟೇ. ಆದರೆ ಈ ಫರಕು ಹೇಳಲು ಹದಿನಾಲ್ಕು ತಿಂಗಳಲ್ಲಿ ಒಬ್ಬರಿಗೂ ಐದು ನಿಮಿಷ ಸಿಗಲಿಲ್ಲ. "ತಪ್ಪದೇ ತಗೋ" ಅಂತ ಹೇಳಿದ್ದರು, ನಿಜ. ಗೊಬ್ಬರದ ಅಂಗಡಿಯವನು "ಇದನ್ನೇ ಹೊಡಿ" ಅಂದರೆ ನಮ್ಮ ರೈತ ಸುಮ್ಮನೆ ಹೊಡೆಯುತ್ತಾನಾ? ಯಾಕೆ, ಎಷ್ಟು, ಹೊಡೆಯದಿದ್ದರೆ ಏನು ಅಂತ ಕೇಳುತ್ತಾನೆ. ತನ್ನ ದೇಹದ ವಿಚಾರದಲ್ಲಿ ಮಾತ್ರ ಕೇಳಬಾರದಾ?

ತಪ್ಪಿದರೆ ಏನಾಗುತ್ತದೆ ಅಂತ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 87 ರೋಗಿಗಳನ್ನು ನೋಡಿ 2010ರಲ್ಲಿ ಬರೆದರು. ಗುಳಿಗೆ ಡಬ್ಬಿಯ ಮುಚ್ಚಳದಲ್ಲೇ ತೆರೆದ ಲೆಕ್ಕ ಇಡುವ ಸಣ್ಣ ಯಂತ್ರ ಇಟ್ಟಿದ್ದರು. ನೂರರಲ್ಲಿ 90ಕ್ಕಿಂತ ಹೆಚ್ಚು ಗುಳಿಗೆ ಸರಿಯಾಗಿ ತಗೊಂಡವರಲ್ಲಿ ರೋಗದ ಬೇರು ಚೆನ್ನಾಗಿ ಇಳಿಯುವ ಸಾಧ್ಯತೆ ಶೇ 94.5. ಅದಕ್ಕಿಂತ ಕಡಿಮೆ ತಗೊಂಡವರಲ್ಲಿ ಶೇ 28.4. ಅಂದರೆ ತಿಂಗಳಿಗೆ ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೂ ಫಲ ಇಷ್ಟು ಬಿದ್ದುಹೋಗುತ್ತದೆ. ನೋಡಿ, ಇದು ಲಂಡನ್ನಿನ ಲೆಕ್ಕ. ಗುಳಿಗೆ ತಪ್ಪಿಸುವುದು ಹಳ್ಳಿಯವರ ದಡ್ಡತನ ಅನ್ನುವವರು ಇದನ್ನೂ ಓದಲಿ.

ಗುಳಿಗೆ ಎಂದೆಂದಿಗೂ ಬಿಡುವಂತೆಯೇ ಇಲ್ಲವಾ? ಕೆಲವರಿಗೆ ಬಿಡಬಹುದು. ಪಿಸಿಆರ್ ಪರೀಕ್ಷೆಯಲ್ಲಿ ವರ್ಷಗಟ್ಟಲೆ ರೋಗದ ಗುರುತು ಸಿಗದಿದ್ದರೆ, ಡಾಕ್ಟರೇ ನಿಲ್ಲಿಸಿ, ತಿಂಗಳು ತಿಂಗಳು ಪರೀಕ್ಷೆ ಮಾಡುತ್ತಾ ನೋಡುತ್ತಾರೆ. ಹಾಗೆ ನಿಲ್ಲಿಸಿದವರಲ್ಲೂ ಸುಮಾರು ಅರ್ಧ ಜನಕ್ಕೆ ರೋಗ ಮರಳುತ್ತದೆ. ಅವರನ್ನು ಕೂಡಲೇ ಮತ್ತೆ ಗುಳಿಗೆಗೆ ಹಾಕುತ್ತಾರೆ. ನಾವೇ ಮನೆಯಲ್ಲಿ ಕೂತು ನಿಲ್ಲಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇನ್ನು ಮೈಬಣ್ಣದ ವಿಚಾರ. ಈ ಗುಳಿಗೆ ಎಬಿಎಲ್ ಒಂದರಲ್ಲೇ ಕೂರುವುದಿಲ್ಲ. ಕಿಟ್ ಅನ್ನುವ ಇನ್ನೊಂದು ಕೈನೇಸಿನ ಸಂದೂ ಇದಕ್ಕೆ ಒಗ್ಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಗೆ ಕಿಟ್ ಬೇಕು. ಅದು ಸಿಕ್ಕಿಬಿದ್ದರೆ ಬಣ್ಣ ತಿಳಿಯಾಗುತ್ತದೆ. ನಮ್ಮಂಥ ಕಂದುಬಣ್ಣದವರಲ್ಲಿ ಇದು ಎದ್ದು ಕಾಣುತ್ತದೆ. ಅಂಟುವುದಿಲ್ಲ, ಜೀವಕ್ಕೆ ಅಪಾಯ ಇಲ್ಲ. ಹೊಟ್ಟೆ-ಕರುಳಿನ ಜಿಸ್ಟ್ ಅನ್ನುವ ಗಡ್ಡೆಗೂ ಇದೇ ಗುಳಿಗೆ ಕೊಡುವುದು ಇದೇ ಕಿಟ್ ಕಾರಣಕ್ಕೆ. ಎಲ್ಲ ಕ್ಯಾನ್ಸರಿಗೂ ಇದು ನಡೆಯುವುದಿಲ್ಲ. ಸಂದು ಹೊಂದಿದರೆ ಮಾತ್ರ. ಕಣ್ಣಿನ ಸುತ್ತ ಊತ, ಸ್ನಾಯು ಸೆಳೆತ, ವಾಕರಿಕೆ ಬರಬಹುದು. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು. ಬಸುರಿಯಾಗುವ ಯೋಚನೆ ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲು ಎಷ್ಟು ಖರ್ಚು ಬರುತ್ತದೆ?

"ಹೆಚ್ಚು ಹೇಳಿದರೆ ಹೆದರುತ್ತಾರೆ" ಅನ್ನುವ ವಾದ ಇದೆ. ಒಳ್ಳೆಯ ಡಾಕ್ಟರುಗಳೂ ಇದನ್ನು ಹೇಳುತ್ತಾರೆ, ಕಾಳಜಿಯಿಂದಲೇ ಹೇಳುತ್ತಾರೆ. ಒಂದು ಒಪಿಡಿಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ನಾವೂ ನೋಡಿದ್ದೇವೆ. ಅವರ ಕಷ್ಟ ನಿಜ. ಆದರೆ ಹಮಾಲಿ ಅಣ್ಣ ಹೆದರಿದ್ದು ಹೇಳಿದ್ದರಿಂದ ಅಲ್ಲ. ಮೈ ಬೆಳ್ಳಗಾದಾಗ ಯಾಕೆ ಅಂತ ಯಾರೂ ಹೇಳದೆ ಹೋದದ್ದರಿಂದ ಹೆದರಿದರು. ಆಸ್ಪತ್ರೆ ಬಿಟ್ಟ ಖಾಲಿ ಜಾಗದಲ್ಲಿ ಓಣಿಯ ಮಾತು ಬಂದು ಕೂತಿತು, ವಾಟ್ಸ್ಆ್ಯಪ್ ಬಂದು ಕೂತಿತು, ಪುಡಿಯವನು ಬಂದು ಕೂತ. ಸಂದು ಖಾಲಿ ಇದ್ದರೆ ಯಾರಾದರೂ ಬಂದು ಕೂರುತ್ತಾರೆ.

ಗೊತ್ತಿದ್ದರೆ ಇನ್ನೊಂದು ಲಾಭ. ಕೆಲವರಿಗೆ ತಪ್ಪದೆ ನುಂಗಿದರೂ ಗುಳಿಗೆ ಕೆಲಸ ಮಾಡುವುದಿಲ್ಲ. ಎಬಿಎಲ್‌ನ ಸಂದಿನ ಬಾಗಿಲಲ್ಲಿ, 315ನೇ ಜಾಗದಲ್ಲಿ, ಥ್ರಿಯೋನಿನ್ ಅನ್ನುವ ಒಂದು ಮಣಿ ಇರುತ್ತದೆ. ಗುಳಿಗೆ ಅದನ್ನು ಹಿಡಿದುಕೊಂಡು ಕೂರುತ್ತದೆ. ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಆ ಮಣಿ ಐಸೊಲ್ಯೂಸಿನ್ ಆಗುತ್ತದೆ. ಇದು ದಪ್ಪ. ಗುಳಿಗೆಗೆ ಹಿಡಿಯಲು ಕೈ ಸಿಗುವುದಿಲ್ಲ, ಒಳಗೆ ಹೋಗಲು ಜಾಗವೂ ಇಲ್ಲ. ರೋಗ ಏರುತ್ತದೆ. ಆಗ ಹೊಸ ಪರೀಕ್ಷೆ ಮಾಡಿ ಬೇರೆ ಗುಳಿಗೆ ಹಾಕಬೇಕು. ಈ 315ರ ಬಾಗಿಲು ದಾಟುವ ಪೊನಾಟಿನಿಬ್ 2012ರಲ್ಲಿ ಬಂತು. ಪಿಸಿಆರ್ ಲೆಕ್ಕ ಏರುತ್ತಿದ್ದರೆ "ಮ್ಯುಟೇಷನ್ ಟೆಸ್ಟ್ ಬೇಕಾ ಡಾಕ್ಟ್ರೇ" ಅಂತ ಕೇಳುವ ಹಕ್ಕು ನಮ್ಮದು. ಗೊತ್ತಿಲ್ಲದವನು "ಗುಳಿಗೆ ಸುಳ್ಳು" ಅಂತ ಎಸೆಯುತ್ತಾನೆ. ಗೊತ್ತಿದ್ದವನು ಪರೀಕ್ಷೆ ಕೇಳುತ್ತಾನೆ.

ದುಡ್ಡಿನ ಮಾತೂ ಇದರಲ್ಲೇ ಇದೆ. ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಗುಳಿಗೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ನಮ್ಮ ದೇಶದ ಕಂಪನಿಗಳು ಮಾಡಿದ ಅದೇ ಔಷಧಿ ಸುಮಾರು 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. ನೊವಾರ್ಟಿಸ್ ಈ ಔಷಧಿಯ ಬೀಟಾ ಹರಳಿನ ರೂಪಕ್ಕೆ ಪೇಟೆಂಟ್ ಕೇಳಿತು. ಸಿಕ್ಕಿದ್ದರೆ ಉಳಿದವರು ಮಾಡುವಂತಿರಲಿಲ್ಲ. 2006ರಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಇಲ್ಲ ಅಂದಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ಕೋರ್ಟೂ ಇಲ್ಲ ಅಂದಿತು. ಪೇಟೆಂಟ್ ಕಾಯ್ದೆಯ 3(ಡಿ) ಸೆಕ್ಷನ್ ಪ್ರಕಾರ, ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಗುಣ ಹೆಚ್ಚಿರಬೇಕು. ಔಷಧಿಯಲ್ಲಿ ಗುಣ ಅಂದರೆ ರೋಗ ವಾಸಿಮಾಡುವ ಗುಣ.

ಬೆಲ್ಲವನ್ನು ಅಚ್ಚು ಹಾಕಿ, ಪುಡಿ ಮಾಡಿ, ಬಾಯಲ್ಲಿ ಕರಗಿದ ಮೇಲೆ ಬೆಲ್ಲವೇ. ಡಬ್ಬಿಯಲ್ಲಿ ಹರಳು ಯಾವ ಆಕಾರದಲ್ಲಿದ್ದರೂ ಹೊಟ್ಟೆಯಲ್ಲಿ ಕರಗಿದ ಮೇಲೆ ಅಡಕತ್ತರಿಯ ಸಂದಿನಲ್ಲಿ ಹೋಗಿ ಕೂರುವುದು ಅದೇ ಅಣು. ಕಂಪನಿ ಸಾವಿರಾರು ರೋಗಿಗಳಿಗೆ ಪುಕ್ಕಟೆ ಕೊಟ್ಟಿದೆ, ಅದನ್ನು ಮರೆಮಾಚಬಾರದು. ಸಂಶೋಧನೆಗೆ ದುಡ್ಡು ಬೇಕು ಅನ್ನುವುದೂ ಸುಳ್ಳಲ್ಲ. ಆದರೆ ದಾನದ ಮೇಲೆ ನಿಂತ ಜೀವ ದಾನಿಯ ಮರ್ಜಿಯ ಮೇಲೆ ನಿಂತಿರುತ್ತದೆ. ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಗುಳಿಗೆ ಯಾರ ಮರ್ಜಿಯೂ ಅಲ್ಲ.

ಕೋರ್ಟಿನಲ್ಲಿ ಗೆದ್ದ ಗುಳಿಗೆ ನಮ್ಮ ಓಣಿಯಲ್ಲಿ ಸೋತಿತು. ಬೆಲೆಗೆ ಸೋಲಲಿಲ್ಲ, ಮಾತಿಲ್ಲದೆ ಸೋತಿತು. ಇದು ನಮ್ಮ ಹೊಟ್ಟೆಯಲ್ಲಿನ ಸಂಕಟ.

ಈಗ ನಮ್ಮ ಧಂದೆಯವರಿಗೆ. 1954ರಿಂದ ಒಂದು ಕಾಯ್ದೆ ಇದೆ, ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ಕ್ಯಾನ್ಸರ್ ಗುಣ ಮಾಡುತ್ತೇವೆ ಅನ್ನುವ ಜಾಹೀರಾತು ಅದರ ಪ್ರಕಾರ ಅಪರಾಧ. ತೊನ್ನು ಗುಣ ಮಾಡುತ್ತೇವೆ ಅನ್ನುವುದೂ ಆ ಪಟ್ಟಿಯಲ್ಲಿದೆ. ಡಿಪ್ಲೊಮಾದಲ್ಲಿ ಪತ್ರಿಕಾ ಕಾನೂನು ಓದಿ ಪಾಸಾದವರು ನಾವು. "ಜಾಹೀರಾತಿನ ಸತ್ಯಾಸತ್ಯತೆಗೆ ಪತ್ರಿಕೆ ಹೊಣೆಯಲ್ಲ" ಅಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರೆ ಹಮಾಲಿ ಅಣ್ಣನ ಗುಲ್ಮ ಇಳಿಯುತ್ತದಾ? "ನಿಮ್ಮ ಪೇಪರಿನ್ಯಾಗ ನೋಡೇ ಹೋಗಿದ್ನಿ ತಮ್ಮಾ" ಅಂತ ಅವರು ಅಂದಾಗ ನಾವು ಚಹಾ ಲೋಟ ಕೆಳಗಿಟ್ಟೆವು. ಆ ಜಾತಿಯ ಜಾಹೀರಾತು ಆ ದಿನದಿಂದ ತಂದಿಲ್ಲ. ತಿಂಗಳಿಗೆ ಇಷ್ಟು ಕಮ್ಮಿ ಬರುತ್ತಿದೆ, ಮನೆಯಲ್ಲಿ ಮಾತು ಕೇಳುತ್ತಿದ್ದೇವೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಮೊದಲೇ ಮಾಡಬೇಕಿತ್ತು.

ಆಸ್ಪತ್ರೆಗಳಿಗೆ ನಮ್ಮ ಬೇಡಿಕೆ ಮೂರು. ದಿನಾ ನುಂಗುವ ಕ್ಯಾನ್ಸರ್ ಗುಳಿಗೆ ಕೊಡುವಾಗ ಕನ್ನಡದಲ್ಲಿ ಚಿತ್ರ ಇರುವ ಒಂದು ಹಾಳೆ ಕೊಡಿ. ಪಿಸಿಆರ್ ಅಂಕಿಯನ್ನು ರೋಗಿಯ ಪುಸ್ತಕದಲ್ಲಿ ಬರೆದು, ಹೋದ ಸಲಕ್ಕಿಂತ ಏರಿತೋ ಇಳಿಯಿತೋ ಬಾಯಿಬಿಟ್ಟು ಹೇಳಿ. ತಾರೀಖಿಗೆ ಬಾರದವರಿಗೆ ಒಂದು ಫೋನ್ ಮಾಡಿ.

ಓದುಗರಿಗೆ ಒಂದೇ ಮಾತು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಈ ಗುಳಿಗೆ ನುಂಗುವವರಿದ್ದರೆ ಇದನ್ನು ಓದಿ ಹೇಳಿ. ಮೈ ಬೆಳ್ಳಗಾದವರನ್ನು ತೊನ್ನು ಅಂತ ಕರೆಯಬೇಡಿ. ದುಡ್ಡಿಗೆ ತಡವಾಗಿ ಗುಳಿಗೆ ತಪ್ಪುತ್ತಿದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಸುಮ್ಮನೆ ಕೂರಬೇಡಿ.

ಹಮಾಲಿ ಅಣ್ಣ ಮತ್ತೆ ಗುಳಿಗೆ ಶುರು ಮಾಡಿದ್ದಾರೆ. ಗುಲ್ಮ ಸ್ವಲ್ಪ ಇಳಿದಿದೆ. ಪಿಸಿಆರ್ ಇನ್ನೂ ಮೇಲೇ ಇದೆ, ಮ್ಯುಟೇಷನ್ ಟೆಸ್ಟಿಗೆ ರಕ್ತ ಕೊಟ್ಟು ಬಂದಿದ್ದಾರೆ. ಆ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ಕೇಳಿದವರು ಅವರೇ. "315 ನೋಡ್ರಿ ಸರ" ಅಂದರಂತೆ. ಡಾಕ್ಟರು ಕನ್ನಡಕ ತೆಗೆದು ಒಂದು ಗಳಿಗೆ ನೋಡಿ, ಕುರ್ಚಿ ತೋರಿಸಿ ಕೂರಿಸಿ, ಹತ್ತು ನಿಮಿಷ ಮಾತಾಡಿದರಂತೆ.

ರಿಪೋರ್ಟ್ ಇನ್ನೂ ಬಂದಿಲ್ಲ.